ಎರಡು ಹೆಬ್ಬೇವಿನ ತುಂಡು ಹೊತ್ತು ಗುಂಡ್ಲುಪೇಟೆಗೆ

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಿಂದ ಆಟೋ ಹತ್ತಿದಾಗ ಬೆಳಿಗ್ಗೆ ಒಂಬತ್ತೂಕಾಲು. ಹೆಗಲ ಚೀಲದಲ್ಲಿ ಹೆಬ್ಬೇವಿನ ಮರದ ಎರಡು ತುಂಡು, ಸ್ಪ್ಯಾನರುಗಳು, ಒಂದು ಚಾಕು. ಊಟದ ಡಬ್ಬಿ ವರ್ಕ್‌ಶಾಪಿನಲ್ಲೇ ಉಳಿದುಹೋಗಿತ್ತು.

ನಮ್ಮದು ಸಣ್ಣ ಗಾಡಿಗಳಿಗೆ ಬಂಪರ್ ಮಾಡುವ ವರ್ಕ್‌ಶಾಪು. ಬಂಪರಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು ತಗಡಿನ ಪೆಟ್ಟಿಗೆ ಇಟ್ಟು, ಅದರೊಳಗೆ ಮರದ ತುಂಡು ಕೂರಿಸಿ ಪರೀಕ್ಷೆ ಮಾಡುತ್ತಿದ್ದೆವು. ಮರದ ಎಳೆ ಗಾಡಿಯ ಉದ್ದಕ್ಕೆ ಇದ್ದರೆ, ಡಿಕ್ಕಿಯಾದಾಗ ತುಂಡು ತುದಿಯಿಂದ ಸ್ವಲ್ಪಸ್ವಲ್ಪವೇ ನುಜ್ಜಾಗುತ್ತ ಹೊಡೆತವನ್ನು ತಾನೇ ತಿನ್ನುತ್ತದೆ. ಎಳೆ ಅಡ್ಡಲಾಗಿದ್ದರೆ ಸುಮ್ಮನೆ ಅಪ್ಪಚ್ಚಿಯಾಗಿ, ಹೊಡೆತವನ್ನೆಲ್ಲ ಒಳಗೆ ಬಿಟ್ಟುಬಿಡುತ್ತದೆ. ತೇವ ತಾಗದಿರಲೆಂದು ತುಂಡಿಗೆ ಬಣ್ಣ ಬಳಿಯುತ್ತೇವೆ. ಬಣ್ಣ ಬಿದ್ದಮೇಲೆ ಎಳೆ ಕಾಣುವುದಿಲ್ಲ. ಆದ್ದರಿಂದ ಮೊದಲೇ ಎಳೆಯ ದಿಕ್ಕಿಗೆ ಬಾಣದ ಗುರುತು ಕೊರೆದಿಡಬೇಕು. ಅದು ನನ್ನ ಕೆಲಸ.

ಆ ದಿನ ಬೆಳಿಗ್ಗೆ ಉಳಿದಿದ್ದ ತುಂಡುಗಳಲ್ಲಿ ಒಂದನ್ನು ಅದುಮಿ ಪರೀಕ್ಷಿಸುವ ಪ್ರೆಸ್ಸಿಗೆ ಕೊಟ್ಟೆ. ಬೆಣ್ಣೆಯಂತೆ ಕುಸಿಯಿತು. ಬಣ್ಣ ಕೆರೆದು ನೋಡಿದರೆ ನಾನು ಕೊರೆದ ಬಾಣ ಎಳೆಗೆ ಅಡ್ಡಲಾಗಿತ್ತು. ಅದರ ಜೊತೆಯಲ್ಲೇ ಗುರುತು ಹಾಕಿದ್ದ ಎರಡು ತುಂಡು ಹಿಂದಿನ ವಾರ ಸಿದ್ದರಾಜಣ್ಣನ ಗಾಡಿ ಸೇರಿದ್ದವು. ಆತ ಉಮ್ಮತ್ತೂರಿನವನು. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊಡೆಯುತ್ತಾನೆ. ಹೊಸ ಬಂಪರನ್ನು ಮೊದಲು ಹಾಕಿಸಿಕೊಳ್ಳಲು ಒಪ್ಪಿದವನೇ ಆತ.

"ಸಂಜೆ ವಾಪಸ್ ಬತ್ತಾನಲ್ಲ ಶೋಭಾ, ಆಗ ನೋಡನ ಬುಡು," ಎಂದರು ಯಜಮಾನರು. ಸಿದ್ದರಾಜಣ್ಣನಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಹನ್ನೆರಡಕ್ಕೆಲ್ಲ ಲೋಡ್ ಮುಗಿಸಿ ಕಾಡಿನ ರಸ್ತೆ ಹಿಡಿಯುತ್ತಾನೆಂದು ಗೊತ್ತಿತ್ತು. ಸರಿಯಾದ ಎರಡು ತುಂಡು ಆರಿಸಿ, ಮೂಲೆಯಲ್ಲಿ ಬಣ್ಣ ಕೆರೆದು ಎಳೆಯನ್ನು ಮೂರು ಸಲ ನೋಡಿ, ಚೀಲಕ್ಕೆ ಹಾಕಿಕೊಂಡೆ.

ಚಾಮರಾಜನಗರದ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸು ಹೊರಟಿದ್ದು ಹತ್ತಕ್ಕೆ. ಆಧಾರ್ ತೋರಿಸಿದೆ, ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟರು. ಚೀಲ ಅವರ ಮೊಣಕಾಲಿಗೆ ಬಡಿಯಿತು.

"ಏನಮ್ಮಾ ಇದು, ಸೌದೆಯಾ?"

"ಗಾಡಿ ಸಾಮಾನು ಸಾರ್," ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಆಷಾಢದ ಗಾಳಿ ಜೋರಾಗಿತ್ತು. ಹೊಲಗಳ ಕೆಂಪು ಧೂಳು ಕಿಟಕಿಯಿಂದ ನುಗ್ಗುತ್ತಿತ್ತು. ಮೂವತ್ತೈದು ಕಿಲೋಮೀಟರಿನ ದಾರಿಯಲ್ಲಿ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಚೆಂಡುಹೂವಿನ ಹೊಲಗಳು ಬಂದವು, ಹೋದವು. ನಾನು ನೋಡುತ್ತಿದ್ದುದು ಎದುರಿನಿಂದ ಬರುವ ಗಾಡಿಗಳನ್ನು, ಗಡಿಯಾರವನ್ನು.

ತೆರಕಣಾಂಬಿ ಇನ್ನೂ ಎರಡು ಕಿಲೋಮೀಟರ್ ಇರುವಾಗ ಬಸ್ಸು ಗಕ್ಕನೆ ನಿಂತಿತು. ಮುಂದೆ ಜನ. ರಸ್ತೆ ತುಂಬ ಟೊಮೇಟೊ. ಒಂದು ಬಿಳಿ ಗೂಡ್ಸ್ ಗಾಡಿ ಹುಣಸೆಮರಕ್ಕೆ ಗುದ್ದಿತ್ತು. ಮುಂದೆ ಮೂತಿಯೇ ಇಲ್ಲದ ಚಪ್ಪಟೆ ಮುಖದ ಮಾದರಿ. ಸಿದ್ದರಾಜಣ್ಣನದೂ ಅಂಥದ್ದೇ, ಅದೇ ಬಿಳಿ.

ಇಳಿದು ಓಡಿದೆ. "ಏಯ್, ಬಸ್ ಬುಡ್ತೀವಿ ಕಣಮ್ಮಾ!" ಎಂದು ಕಂಡಕ್ಟರ್ ಕೂಗಿದರು. ಗಾಡಿಯ ಮುಂಭಾಗ ಸೀಟಿನವರೆಗೆ ಮಡಚಿಕೊಂಡಿತ್ತು. ಡ್ರೈವರನ್ನು ಆಗಲೇ ಎಳೆದು ಮರದ ಬುಡದಲ್ಲಿ ಮಲಗಿಸಿದ್ದರು. ಯಾರದೋ ಟವೆಲ್ಲು ಅವನ ಮೊಣಕಾಲ ಮೇಲೆ, ಪೂರಾ ಕೆಂಪು. ಜನರ ಸಂದಿಯಲ್ಲಿ ತಲೆ ತೂರಿಸಿದೆ. ಇಪ್ಪತ್ತೈದರ ಹುಡುಗ, ನನಗೆ ಗುರುತಿಲ್ಲದ ಮುಖ. ಉಸಿರಾಡುತ್ತಿದ್ದ.

ಅಬ್ಬಾ ಎಂದುಕೊಂಡೆ. ಮರುಕ್ಷಣವೇ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆಂಬುಲೆನ್ಸ್ ಬಂದಮೇಲೆ ಬಸ್ಸು ಹೊರಟಿತು. ಆಗಲೇ ಹನ್ನೊಂದೂಕಾಲು.

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆ ತಲುಪಿದಾಗ ಸಿದ್ದರಾಜಣ್ಣ ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ. ಕಿವಿಗೆ ಒತ್ತಿಕೊಂಡಿದ್ದ ಫೋನಿನಲ್ಲಿ ಕೇರಳದ ವ್ಯಾಪಾರಿ. "ಇಪ್ಪ ವರಾಂ ಚೇಟ್ಟಾ, ಇಪ್ಪ ವರಾಂ," ಎಂದು ಮಲಯಾಳದಲ್ಲೇ, ಈಗ ಬಂದೆ ಎನ್ನುತ್ತಿದ್ದ. ನನ್ನನ್ನು ಕಂಡು ನಕ್ಕ.

"ಏನ್ ಸೋಬಮ್ಮ, ಇಲ್ಲಿಗಂಟ?"

"ಅಣ್ಣಾ, ಬಂಪರ್ ಬಿಚ್ಚಬೇಕು. ನಾನು ಗುರುತು ತಪ್ಪು ಹಾಕ್ಬುಟ್ಟೆ."

ನಗು ನಿಂತಿತು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. "ಬೀನ್ಸ್ ಬಾಡೋಯ್ತದೆ ಕಣಮ್ಮಿ. ಬೇಗ ಮಾಡು," ಎಂದವನೇ ತಾನೇ ಸ್ಪ್ಯಾನರ್ ಹಿಡಿದು ನೆಲಕ್ಕೆ ಕುಳಿತ.

ಎಡಗಡೆಯ ತುಂಡು ಹೊರಬಂತು. ಚಾಕುವಿನಿಂದ ಬಣ್ಣ ಕೆರೆದೆ. ಎಳೆ ಸರಿಯಾಗಿತ್ತು. ಬಲಗಡೆಯದನ್ನು ಕೆರೆದೆ. ಅಡ್ಡ. ಡ್ರೈವರ್ ಕೂರುವ ಕಡೆಯದು ಅದೇ.

ಆತ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಯಜಮಾನ್ರು, ಇದಿದ್ರೆ ಏನೂ ಆಗಕಿಲ್ಲ ಕಣ್ಲಾ ಅಂದಿದ್ರು. ಅದ್ಕೇ ಈ ವಾರ ವಸಿ ಜೋರಾಗೇ ಓಡಿಸ್ದೆ."

ಇದು ನನಗೆ ಗೊತ್ತಿರಲಿಲ್ಲ.

"ಎಷ್ಟು ಸ್ಪೀಡಿಗಂಟ ಕಾಪಾಡ್ತದೆ? ದಿಟ ಹೇಳು."

"ನಿಧಾನಕ್ಕೆ ಗುದ್ದಿದ್ರೆ ಪೆಟ್ಟು ಕಮ್ಮಿ ಮಾಡ್ತದೆ ಅಣ್ಣ. ಅರವತ್ತರಲ್ಲಿ ಏನಾಗ್ತದೆ ಅಂತ ನಂಗೆ ಗೊತ್ತಿಲ್ಲ. ನಾವು ಪ್ರೆಸ್ಸಲ್ಲಿ ಅದುಮಿ, ಮೇಲಿಂದ ತೂಕ ಬೀಳಿಸಿ ನೋಡಿರೋದು ಅಷ್ಟೇ."

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಹೊಸ ತುಂಡುಗಳನ್ನೂ ತನ್ನೆದುರಿಗೇ ಇನ್ನಷ್ಟು ಕೆರೆದು ಎಳೆ ತೋರಿಸು ಎಂದ. ತೋರಿಸಿದೆ. ಬೆರಳಿನಿಂದ ಸವರಿ ನೋಡಿ, ಒಳಗೆ ಕೂರಿಸಿ, ಬೋಲ್ಟ್ ಬಿಗಿದ. ಕೆರೆದ ಕಡೆ ಮತ್ತೆ ಬಣ್ಣ ಬೇಕೆಂದೆ. ನಾಳೆ ಬರುತ್ತೇನೆಂದ. ಆಮೇಲೆ ಎಡಗಡೆಯ ಬಾಗಿಲು ತೆಗೆದು ಹಿಡಿದ.

"ಗಾಡಿ ಅತ್ತು. ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್‌ಗಂಟ ಬಾ. ನೀ ಮಾಡಿದ್ ಬಂಪರ್ ಹಿಂದ ನೀನೂ ಕೂತ್ಕಂಡು ನೋಡು."

ಹತ್ತಿದೆ. ನನ್ನ ಮೊಣಕಾಲು ಮುಂದಿನ ತಗಡಿಗೆ ತಾಗುತ್ತಿತ್ತು. ತಗಡಿನಾಚೆ ಒಂದು ಗೇಣು ಮರ, ಅದರಾಚೆ ರಸ್ತೆ. ಎರಡು ವರ್ಷ ಇಂಥ ಗಾಡಿಗಳಿಗೆ ಅಳತೆ ತೆಗೆದಿದ್ದೆ. ಆ ಸೀಟಿನಲ್ಲಿ ಒಂದು ದಿನವೂ ಕುಳಿತಿರಲಿಲ್ಲ. ಎದುರಿನ ಲಾರಿಯೊಂದು ಬಸ್ಸನ್ನು ದಾಟಲು ನಮ್ಮ ಬದಿಗೆ ನುಗ್ಗಿದಾಗ ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿದೆ. ಸಿದ್ದರಾಜಣ್ಣ ಗಾಡಿಯನ್ನು ಮಣ್ಣಿಗೆ ಇಳಿಸಿದ. ಲಾರಿಯ ಗಾಳಿಗೆ ಕನ್ನಡಿ ಅದುರಿತು.

"ದಿನಾ ಹಿಂಗೇನಾ ಅಣ್ಣ?"

"ದಿನಾ," ಎಂದ.

ಚೆಕ್‌ಪೋಸ್ಟಿನಲ್ಲಿ ಇಳಿದೆ. ಬಾಗಿಲು ಬಿಡದೆ ಹಿಡಿದು ನಿಂತೆ. ಆತ ಸೀಟಿನ ಕೆಳಗಿನ ನೀರಿನ ಬಾಟಲಿ ಕೊಟ್ಟು, ನಾನು ಕುಡಿಯುವವರೆಗೆ ಕಾದ. "ಯಜಮಾನ್ರಿಗೂ ಹೇಳು. ಇನ್ನೊಬ್ನಿಗೆ ಏನೂ ಆಗಕಿಲ್ಲ ಅನ್ನೋದ್ ಬ್ಯಾಡ ಅಂತ."

"ಹೇಳ್ತೀನಿ."

ಗೇಟು ಮೇಲೆದ್ದಿತು. ಗುಂಡ್ಲುಪೇಟೆ ಕಡೆಯ ಬಸ್ಸು ಬಂದು ಹಾರ್ನ್ ಮಾಡಿದರೂ ನಾನು ಹತ್ತದೆ ನಿಂತೆ. ಬಿಳಿ ಗಾಡಿ ಕಾಡಿನ ನೆರಳಿನೊಳಗೆ ಹೋಗುತ್ತಿತ್ತು, ಹಿಂದಿನ ಕಾರುಗಳೆಲ್ಲ ಒಂದೊಂದಾಗಿ ಅದನ್ನು ದಾಟಿಹೋಗುವಷ್ಟು ನಿಧಾನವಾಗಿ.