ಕೆಂಪು ಪಂಪಿನ ಪೆಟ್ರೋಲು, ಹೆರ್ಮಿಲಾಳ ಕಿವಿ

ಮೆಕ್ಸಿಕೋ ನಗರದ ಅಂಚಿನ ನಮ್ಮ ಕ್ವಾಟೆಪೆಕ್ ಗುಡ್ಡದಲ್ಲಿ ಯಾವ ಇಂಜಿನ್ನಿಗೆ ಏನು ಬೇನೆ ಎಂದು ಹೇಳಲು ಹೆರ್ಮಿಲಾಳ ಕಿವಿಯೊಂದು ಸಾಕಿತ್ತು. ಎಂಬತ್ನಾಲ್ಕನೇ ಇಸವಿಯ ವೋಚೊ ಟ್ಯಾಕ್ಸಿ ಅವಳದು. ಆಮೆಬೆನ್ನಿನ ಆ ಕಾರಿಗೆ ಇಂಜಿನ್ನು ಹಿಂಭಾಗದಲ್ಲಿ, ರೇಡಿಯೇಟರಿಲ್ಲ, ನೀರಿಲ್ಲ, ಗಾಳಿ ಬೀಸಿಯೇ ತಣ್ಣಗಾಗಬೇಕು. ಮೂವತ್ತು ವರ್ಷ ಅದನ್ನು ಗೋಡೆಯಂಥ ಏರಿನ ಓಣಿಗಳಲ್ಲಿ ಹತ್ತಿಸಿದವಳು ಅವಳು, ರಿಪೇರಿ ಮಾಡಿದವನು ನಾನು, ಎಲಾದಿಯೊ. ಅವಳ ಮಗಳ ಜ್ಞಾನಸ್ನಾನಕ್ಕೆ ನಾನೇ ಧರ್ಮತಂದೆಯಾಗಿ ನಿಂತದ್ದು. ಹಾಗಾಗಿ ಅವಳಿಗೆ ನಾನು ಕೊಂಪಾದ್ರೆ, ನನಗೆ ಅವಳು ಕೊಮಾದ್ರೆ.

ಪೆಟ್ರೋಲಿನ ವಿಷಯದಲ್ಲಿ ಅವಳದು ಒಂದೇ ಹಟ. ಹಸಿರು ಪಂಪು, ಎಂಬತ್ತೇಳು ಆಕ್ಟೇನ್. ಇಂಜಿನ್ನು ಬಡಿದುಕೊಳ್ಳದಂತೆ ತಡೆಯುವ ಕೆಂಪು ಪಂಪಿನ ದುಬಾರಿ ತೊಂಬತ್ತೊಂದನ್ನು ಯಾರಾದರೂ ಹೊಗಳಿದರೋ, "ಅಜ್ಜಿಗೆ ಹೈಹೀಲ್ಡ್ ಹಾಕಿಸ್ತೀಯೇನೋ?" ಎಂದು ಮೂತಿ ತಿರುವುತ್ತಿದ್ದಳು. ಮಾತು ಸರಿಯೇ. ಗುಡ್ಡದ ತೆಳುಗಾಳಿಯಲ್ಲಿ ಹಳೇ ಇಂಜಿನ್ನಿಗೆ ಹಸಿರು ಧಾರಾಳ ಸಾಕು. ಆ ತೆಳುಗಾಳಿಗೆಂದೇ ನಾನು ಪ್ಲಗ್ಗಿನ ಕಿಡಿ ತುಸು ಮುಂಚೆ ಹಾರುವಂತೆ ತಿರುಗಿಸಿಟ್ಟಿದ್ದೆ. ಇಲ್ಲಿಯ ಮೆಕ್ಯಾನಿಕ್ಕುಗಳೆಲ್ಲ ಮಾಡುವುದು ಹಾಗೆಯೇ.

ಅವಳ ಅಮ್ಮ ದೋನ್ಯಾ ಟ್ರಿನಿಗೆ ತೊಂಬತ್ತು ದಾಟಿ ಕಣ್ಣು ಪೂರ್ತಿ ಹೋಗಿತ್ತು. ಹದಿನಾರಕ್ಕೆ ಟೆಕೊಲೂಟ್ಲಾದ ಕಡಲತೀರ ಬಿಟ್ಟು ಬಂದವಳು ಮತ್ತೆ ಹೋಗಿರಲೇ ಇಲ್ಲ. "ನೋಡೋದಂತೂ ಆಗಲ್ಲ. ಒಂದ್ಸಲ ಸಮುದ್ರದ ಸದ್ದು ಕೇಳಿಸ್ಕೊಂಡು ಸಾಯ್ತೀನಿ" ಎನ್ನುತ್ತಿದ್ದಳು. ಆ ಮೇ ತಿಂಗಳಲ್ಲಿ ಅವಳ ಹೃದಯ ಸೋಲತೊಡಗಿತು, ಡಾಕ್ಟರು ಕೈಚೆಲ್ಲಿದರು. ಮರುದಿನ ಬೆಳಿಗ್ಗೆಯೇ ಹೊರಟುಬಿಟ್ಟೆವು.

ಟ್ಯಾಕ್ಸಿಯಲ್ಲವೇ, ಜನ ಹತ್ತಿಳಿಯಲೆಂದು ಡ್ರೈವರಿನ ಪಕ್ಕದ ಸೀಟು ಕಿತ್ತುಹಾಕಿತ್ತು. ಇಂಜಿನ್ನಿಗೆ ಬೆನ್ನು ಕೊಟ್ಟು ನಾನೂ ಮುದುಕಿಯೂ ಹಿಂದೆ ಕೂತೆವು. ಘಾಟಿ ಇಳಿಯುತ್ತ ಮಂಜಿನೊಳಗೆ ಹೊಕ್ಕೆವು. ಪೈನ್ ಮರಗಳು ತೇಲಿಬಂದು ತೇಲಿಹೋದವು. ಇಳಿತಕ್ಕೆ ನನ್ನ ಕಿವಿ ಮುಚ್ಚಿಕೊಂಡಿತು, ಬೆನ್ನಿಗೆ ಹಿತವಾದ ಬಿಸಿ. ಮುದುಕಿ ನನ್ನ ಕೈ ಹಿಡಿದು ಮೀನುಗಳ ಹೆಸರು ಹೇಳಿಕೊಳ್ಳುತ್ತಿದ್ದಳು, ಒಂದೊಂದು ಹೆಸರಿಗೂ ಒಂದೊಂದು ಮೀನು ಮಂಜಿನಲ್ಲಿ ಈಜಿ ಹೋದಂತೆ ನನಗೆ ಕಂಡಿತು. ನಿದ್ದೆಯೋ ಎಚ್ಚರವೋ, ಯಾರಿಗೆ ಗೊತ್ತು! ಯಾವಾಗಲೋ ಮಂಜು ಕರಗಿ ಕಿತ್ತಳೆ ತೋಟಗಳ ವಾಸನೆ ಬಂತು.

ಮುದುಕಿ ಮೊಣಕೈಯಿಂದ ತಿವಿದಳು. "ಎಲಾದಿಯೊ, ಯಾರೋ ಡಬ್ಬಿಯಲ್ಲಿ ಜೋಳ ಕುಲುಕ್ತಿದಾರೆ ಕಣೋ."

ಧಡಕ್ಕನೆ ನೆಟ್ಟಗೆ ಕೂತೆ. ಸಣ್ಣ ಏರಿನಲ್ಲಿ ಇಂಜಿನ್ನು ಟಕಟಕ ಬಡಿದುಕೊಳ್ಳುತ್ತಿತ್ತು. ಕೆಳಗಿನ ದಪ್ಪ ಗಾಳಿ, ಸುಡು ಸೆಕೆ, ನಾನು ಮುಂಚೆ ಮಾಡಿಟ್ಟ ಕಿಡಿ, ಅದರ ಮೇಲೆ ಹಸಿರು ಪೆಟ್ರೋಲು! ಇನ್ನು ಸ್ವಲ್ಪ ಹೊತ್ತು ಹೀಗೇ ಹೋದರೆ ಪಿಸ್ಟನ್ ತೂತಾಗಿ ಮುದುಕಿಯ ಸಮುದ್ರ ರಸ್ತೆಯಲ್ಲೇ ಮುಗಿಯುತ್ತಿತ್ತು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಕೊಮಾದ್ರೆ, ಕಾಲು ತೆಗಿ! ನಾಕಿಂಗ್ ಆಗ್ತಿದೆ!"

"ಏನೂ ಇಲ್ಲ ಸುಮ್ನಿರು. ಕನಸು ಬಿತ್ತಾ ನಿಂಗೆ?"

ಹಾಗೆನ್ನುವಾಗ ಅವಳು ಕನ್ನಡಿಯಲ್ಲಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಈ ಸದ್ದನ್ನು ನನಗಿಂತ ಮೊದಲೇ ಹಿಡಿಯುತ್ತಿದ್ದವಳು! ನಾನು ಮುಂದೆ ಬಾಗಿ ಅವಳ ಭುಜ ಒತ್ತಿದೆ. ಅವಳು ಮುಂದಿನ ಬಂಕಿಗೆ ತಿರುಗಿಸಿದಳು.

"ಕಿವಿ ಹೋಗಿ ಎರಡು ವರ್ಷ ಆಯ್ತು ಕೊಂಪಾದ್ರೆ" ಎಂದಳು, ಇಳಿದು. "ಎಡಗಿವಿಯಲ್ಲಿ ಚೂರು ಉಳಿದಿದೆ ಅಷ್ಟೆ. ಗೇರೆಲ್ಲ ಪಾದಕ್ಕೆ ಬರೋ ನಡುಕದ ಮೇಲೇ. ಗುಡ್ಡದಲ್ಲಿ ಗೊತ್ತಾದ್ರೆ ನನ್ನ ಗಾಡಿ ಯಾರು ಹತ್ತುತಾರೆ ಹೇಳು?"

ಅಷ್ಟರಲ್ಲಿ ಪಂಪಿನವನು ಬಂದ. ಹೆರ್ಮಿಲಾ ಕಣ್ಣೊರೆಸಿಕೊಂಡು, "ಕೆಂಪು ಹಾಕಪ್ಪಾ, ತುಂಬ್ಸು" ಎಂದಳು. "ಅಜ್ಜಿಗೆ ಹೈಹೀಲ್ಡಾ?" ಎಂದೆ. "ಬಾಯ್ಮುಚ್ಕೊಂಡು ನಿನ್ನ ಕಿಡಿ ಸರಿಮಾಡು" ಎಂದಳು. ಇಂಜಿನ್ನು ಆರಿದ ಮೇಲೆ ಕಿಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದೆ.

ಆಮೇಲೆ ದಾರಿಯುದ್ದಕ್ಕೂ ಪ್ರತಿ ಏರಿನಲ್ಲೂ ಕೇಳಿದಳು, "ಸದ್ದು ಬಂತಾ?" ಇಲ್ಲವೆಂದು ನಾನು ಕನ್ನಡಿಯಲ್ಲಿ ತಲೆಯಾಡಿಸಿದೆ.

ಇಳಿಬಿಸಿಲಿಗೆ ಟೆಕೊಲೂಟ್ಲಾ ಮುಟ್ಟಿದೆವು. ಮುದುಕಿಯನ್ನು ಎತ್ತಿಕೊಂಡು ಹೋಗಿ ಮರಳಲ್ಲಿ ಕೂರಿಸಿದೆ. ಅವಳು ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದಳು, ಆಮೇಲೆ ಹುಡುಗಿಯ ಹಾಗೆ ನಕ್ಕಳು. ಪಕ್ಕದಲ್ಲಿ ಮಂಡಿಯೂರಿದ ಹೆರ್ಮಿಲಾ ಅಲೆಗಳನ್ನು ಬರಿದೇ ನೋಡುತ್ತಿದ್ದಳು.

"ಕತ್ತಲಲ್ಲಿ ಕರೆದ್ರೆ ಇವಳು ಓಗೊಡಲ್ಲ" ಎಂದು ಮುದುಕಿ ನನಗೆ ಹೇಳಿದಳು. "ನಂಗೆ ಯಾವತ್ತೋ ಗೊತ್ತು."

ತಡವಿ ಮಗಳ ತಲೆಯನ್ನು ಎಳೆದುಕೊಂಡು ಎಡಗಿವಿಗೆ ತುಟಿಯಿಟ್ಟು, ಅಲೆ ಬಂದಾಗ ಹೂಊಊ ಎಂದು ಊದಿದಳು, ಅಲೆ ಹೋದಾಗ ಶ್‌ಶ್ ಎಂದಳು.

"ಕೇಳಿಸ್ತಾ?"

"ಕೇಳಿಸ್ತಮ್ಮಾ" ಎಂದು ಹೆರ್ಮಿಲಾ ಗಟ್ಟಿಯಾಗಿ ಅತ್ತುಬಿಟ್ಟಳು.

ಮುದುಕಿಗೆ ಏದುಸಿರು ಬರುತ್ತಿತ್ತು. ಸಾಕು ಎಂದರೂ ಬಿಡಲಿಲ್ಲ, ಇದ್ದ ಉಸಿರನ್ನೆಲ್ಲ ಆ ಕಿವಿಗೇ ಊದುತ್ತ ಕೂತಳು.