ಹಳ್ಳದ ನಡುವೆ ಕಣ್ಣು ಮುಚ್ಚಿದವರು

ಈಚೆಗೆ ನಾನು ಕಣ್ಣು ಬಿಟ್ಟುಕೊಂಡೇ ಪ್ರಾರ್ಥನೆ ಮಾಡುತ್ತೇನೆ. ಇದನ್ನು ಭಕ್ತಿಯ ಮೇಲಿನ ಮೆಟ್ಟಿಲು ಎಂದು ಯಾರೂ ತಿಳಿಯಬಾರದು. ಕಣ್ಣು ಮುಚ್ಚಿದರೆ ನೀರು ಕಾಣುತ್ತದೆ, ಅಷ್ಟೇ. ಕರಿಮಣ್ಣು ಕದಡಿದ ನೀರು, ಮೇಲೆ ನೊರೆ, ನೊರೆಯ ಮೇಲೆ ಯಾರದೋ ಹೊಲದ ಹತ್ತಿಗಿಡ. ಹಾಗಾಗಿ ಭಾನುವಾರ ನಮ್ಮ ಪಾಸ್ಟರು ತಲೆ ಬಾಗಿಸಿ ಕಣ್ಣು ಮುಚ್ಚಲು ಹೇಳಿದಾಗ ನಾನು ತಲೆಯೊಂದನ್ನು ಬಾಗಿಸುತ್ತೇನೆ. ಅರ್ಧ ವಿಧೇಯತೆ. ನಮ್ಮ ಹೈಸ್ಕೂಲಿನಲ್ಲಿ ಇದಕ್ಕಿಂತ ಕಡಿಮೆಗೆ ಮಕ್ಕಳನ್ನು ಪಾಸು ಮಾಡಿದ್ದೇವೆ.

ಕಣ್ಣು ಬಿಟ್ಟು ಕುಳಿತವರಿಗೆ ಮೊದಲು ತಿಳಿಯುವ ಸತ್ಯವೆಂದರೆ ತಾವು ಒಬ್ಬರೇ ಅಲ್ಲ ಎಂಬುದು. ನವಲಗುಂದದ ನಮ್ಮ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಜಮಖಾನೆಯ ಮೇಲೆ ಕುಳಿತ ಸಭೆಯ ಕಾಲುಭಾಗ ಎಚ್ಚರವಾಗಿಯೇ ಇರುತ್ತದೆ. ಒಬ್ಬರು ಫ್ಯಾನು ನೋಡುತ್ತಾರೆ. ಒಬ್ಬಾಕೆ ಪಕ್ಕದವಳ ಸೀರೆಯ ಅಂಚು ನೋಡುತ್ತಾಳೆ. ಲೋಕದ ಸಮಸ್ತ ರಾಜ್ಯಗಳಿಗಾಗಿ ಬೇಡಿಕೊಳ್ಳುತ್ತಿರುವ ಪಾಸ್ಟರು ಗೋಡೆಯ ಗಡಿಯಾರ ನೋಡುತ್ತಾರೆ. ನನ್ನ ಕಣ್ಣೂ ಅವರ ಕಣ್ಣೂ ಕೂಡಿದರೆ ಇಬ್ಬರೂ ಒಟ್ಟಿಗೇ ಮುಚ್ಚಿಕೊಳ್ಳುತ್ತೇವೆ. ಆ ಒಂದು ಕ್ಷಣದಲ್ಲಿ ನನಗೆ ಮತ್ತೆ ನೀರು ಕಾಣುತ್ತದೆ.

ಬಿ.ಎಸ್ಸಿ. ಓದಿದ ದೋಷಕ್ಕೆ ಯಾವುದನ್ನೂ ಮೂಲ ನೋಡದೆ ಬಿಡುವ ಅಭ್ಯಾಸ ನನಗಿಲ್ಲ. ಕಣ್ಣು ಮುಚ್ಚಿಯೇ ಪ್ರಾರ್ಥಿಸಬೇಕೆಂದು ಬೈಬಲಿನಲ್ಲಿ ಎಲ್ಲಿದೆ ಎಂದು ಹುಡುಕಿದೆ. ಸಿಗಲಿಲ್ಲ. ಯೇಸುಸ್ವಾಮಿ ಪ್ರಾರ್ಥಿಸುವಾಗ ಆಕಾಶದ ಕಡೆ ಕಣ್ಣೆತ್ತಿದ್ದು ಇದೆ. ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯ ಶತ್ರುಗಳು ಬರುತ್ತಾರೆಂದು ಕೇಳಿ ದೇವರಿಗೆ ಮೊರೆಯಿಟ್ಟು, ಜೊತೆಗೆ ಕಾವಲನ್ನೂ ಹಾಕಿದ. ಗೆತ್ಸೆಮನೆಯ ತೋಟದಲ್ಲಿ ಎಚ್ಚರವಿರಿ ಎಂದರೂ ನಿದ್ದೆಹೋಗಿ ನಿಜವಾಗಿ ಕಣ್ಣು ಮುಚ್ಚಿದವರು ಶಿಷ್ಯರು, ಅವರು ಬೈಸಿಕೊಂಡರು. ಈ ಪದ್ಧತಿಯನ್ನು ತಂದವರು ಸಂಡೇಸ್ಕೂಲಿನ ಯಾರೋ ಅಕ್ಕೋರು ಇರಬೇಕೆಂದು ನನ್ನ ಊಹೆ. ಕಣ್ಣು ಮುಚ್ಚಿದ ಮಕ್ಕಳು ಒಬ್ಬರನ್ನೊಬ್ಬರು ಚಿವುಟುವುದಿಲ್ಲವೆಂದು ಅವರು ನಂಬಿದ್ದಿರಬಹುದು. ಪಾಠ ಹೇಳುವ ನಾನೂ ಅಕ್ಕೋರು. ಆ ನಂಬಿಕೆ ತಪ್ಪು.

ಇನ್ನು ನೀರಿನ ವಿಷಯ. ಬೆಣ್ಣಿಹಳ್ಳದ ಆಚೆ ದಂಡೆಯ ಒಂದು ತೋಟದ ಮನೆಯಲ್ಲಿ ಎಲಿಸವ್ವ ಎಂಬ ಮುದುಕಿ ಇದ್ದಾಳೆ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾಳೆ. ಆಕೆ ಮಂದಿರಕ್ಕೆ ಬರಲಾರಳಾದ್ದರಿಂದ ತಿಂಗಳಿಗೊಮ್ಮೆ ಮಂದಿರವೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಆಕೆಯ ಮನೆಗೆ ಹೋಗುತ್ತದೆ. ಟ್ರ್ಯಾಕ್ಟರು ಬಸು ಎಂಬ ರೈತನದು. ಅವನು ನಮ್ಮ ಸಭೆಯವನಲ್ಲ. ಸೋಮವಾರ ತಪ್ಪದೆ ಬಸವಣ್ಣನ ಗುಡಿಗೆ ಹೋಗುವವನು. ಆದರೆ ನಮ್ಮ ಪ್ರಾರ್ಥನೆಗಳನ್ನು ನಮ್ಮಲ್ಲಿ ಹಲವರಿಗಿಂತ ತಾಳ್ಮೆಯಿಂದ ಕೇಳುತ್ತಾನೆ.

ಸಭೆಯ ಹಿರಿಯರು ಯೋಹಾನಪ್ಪ ಕಾಕಾ. ಅವರಿಗೆ ಯೌವನದಲ್ಲಿ ದೀಕ್ಷಾಸ್ನಾನವಾದದ್ದು ಇದೇ ಬೆಣ್ಣಿಹಳ್ಳದಲ್ಲಿ, ಈಗ ತಗ್ಗಿನ ಸೇತುವೆ ಇರುವ ಜಾಗದಲ್ಲಿ. ಹಾಗಾಗಿ ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ಸೇತುವೆಯ ನಟ್ಟನಡುವೆ ಟ್ರ್ಯಾಕ್ಟರು ನಿಲ್ಲಿಸಿ ಸ್ತೋತ್ರ ಸಲ್ಲಿಸುವುದು ಅವರ ವಾಡಿಕೆ. ದಂಡೆಯ ಮೇಲೆ ನಿಂತು ಮಾಡಿದರೆ ಆಗದೇ ಎಂದು ಒಮ್ಮೆ ಕೇಳಿದ್ದೆ. "ಮುಳಗಿದ್ದು ನಡುವ ಅಲ್ಲೇನವಾ, ದಂಡಿ ಮ್ಯಾಲೆ ಮುಳಗ್ತಾರೇನು?" ಎಂದಿದ್ದರು. ತರ್ಕ ಸರಿಯಾಗಿತ್ತು.

ಅವರ ಪ್ರಾರ್ಥನೆ ಆದಾಮನಿಂದ ಶುರುವಾಗುತ್ತದೆ. ನೋಹನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೆಂಪು ಸಮುದ್ರ, ಯೊರ್ದನ್ ಹೊಳೆ ಎಲ್ಲ ದಾಟಿಕೊಂಡು ಕೊನೆಗೆ ಬೆಣ್ಣಿಹಳ್ಳಕ್ಕೆ ಬರುತ್ತದೆ. ನಾನು ಹೇಳಹೊರಟ ದಿನ, ಎಲಿಸವ್ವನ ಮನೆಗೆ ಹೋಗುವಾಗ, ನವಲಗುಂದದ ಮೇಲೆ ಒಂದು ಮೋಡವೂ ಇರಲಿಲ್ಲ. ಹಳ್ಳದಲ್ಲಿ ಹಿಮ್ಮಡಿ ತೊಯ್ಯುವಷ್ಟು ನೀರು, ಅದೂ ಸೇತುವೆಯ ಕೆಳಗೆ. ಬೆಣ್ಣಿಹಳ್ಳ ಉಕ್ಕಲು ನಮ್ಮೂರ ಮಳೆ ಬೇಕಿಲ್ಲ, ಹುಬ್ಬಳ್ಳಿಯ ಕಡೆ ಸುರಿದರೆ ಸಾಕು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆ ಹೊತ್ತು ಯಾರಿಗೂ ನೆನಪಾಗಲಿಲ್ಲ.

"ಬಸು, ಇಲ್ಲೇ ನಿಂದರಸಪಾ" ಎಂದರು ಕಾಕಾ. ಬಸು ನಿಲ್ಲಿಸಿದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವನು ಮರ್ಯಾದಸ್ಥ. ಎಂಜಿನ್ನಿನ ಸದ್ದು ದೇವರ ಕೆಲಸಕ್ಕೆ ಅಡ್ಡಿಯೆಂದು ಕೀಲಿ ತಿರುವಿ ಬಂದ್ ಮಾಡಿದ, ತಲೆಗೆ ಸುತ್ತಿದ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡ, ನಮ್ಮ ಹಾಗೆಯೇ ಕಣ್ಣು ಮುಚ್ಚಿದ. ಹೀಗೆ ಹಳ್ಳದ ನಡುವೆ ಒಂದು ಟ್ರ್ಯಾಕ್ಟರು ತುಂಬ ಜನ, ಚಾಲಕನೂ ಸೇರಿ, ಕಣ್ಣು ಮುಚ್ಚಿ ಕುಳಿತೆವು. ನಾಸ್ತಿಕರಿಗೆ ಇಂಥ ಅಪಘಾತ ಆಗುವ ಸಂಭವ ಕಡಿಮೆ.

ಕಾಕಾ ಕೆಂಪು ಸಮುದ್ರದಲ್ಲಿದ್ದಾಗ ಸದ್ದು ಕೇಳಿತು. ದೂರದಿಂದ, ಬಲವಾದ ಗಾಳಿ ಬೀಸಿದಂಥ ಸದ್ದು. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದಾಗ ಇಂಥದೇ ಸದ್ದಾಯಿತೆಂದು ನಾವೆಲ್ಲ ಓದಿದವರು. ಟ್ರೇಲರಿನಲ್ಲಿ ಯಾರೋ ಗದ್ಗದರಾಗಿ "ಸ್ತೋತ್ರ, ಸ್ತೋತ್ರ" ಎಂದರು. ನನಗೂ ಮೈ ಜುಮ್ಮೆಂದಿತು. ಕಾಕಾ ಹುರುಪಿನಿಂದ ದನಿ ಏರಿಸಿದರು. ಸದ್ದೂ ಏರಿತು.

ಎಚ್ಚರವಿದ್ದವಳು ಒಬ್ಬಳೇ, ಕಾಕಾನ ಹೆಂಡತಿ ಮಾರ್ಥವ್ವ. ಆಕೆ ಪ್ರಾರ್ಥನೆಯಲ್ಲಿ ಒಂದು ಕಣ್ಣನ್ನು ಯಾವತ್ತೂ ತೆರೆದೇ ಇಡುವವಳು. ಮನೆಯಲ್ಲಾದರೆ ಒಲೆಯ ಮೇಲಿನ ಹಾಲಿಗಾಗಿ, ಹೊರಗಾದರೆ ಚಪ್ಪಲಿಗಳಿಗಾಗಿ. ಆಕೆ ನೀರು ನೋಡಿದಳು. "ನೀರು" ಎಂದು ಕೂಗಿದ್ದರೆ ನಾವು ಅದನ್ನು ಕೆಂಪು ಸಮುದ್ರದ ಲೆಕ್ಕಕ್ಕೆ ಹಾಕುತ್ತಿದ್ದೆವು. ಸಂಸಾರ ಮಾಡಿದ ಹೆಂಗಸು. ಗಂಡನ ಪ್ರಾರ್ಥನೆಯನ್ನು ನಿಲ್ಲಿಸಬಲ್ಲ ಮಾತು ಲೋಕದಲ್ಲಿ ಒಂದೇ ಇದೆಯೆಂದು ಬಲ್ಲವಳು. ಎದ್ದು ನಿಂತು ಕಿರುಚಿದಳು:

"ಆಮೆನ್! ಆಮೆನ್ ಅನ್ರಿ ಮೊದಲ! ಲೇ ಬಸು, ಆಮೆನ್ ಆತು, ಗಾಡಿ ಬಿಡೋ!"

ಎಲ್ಲರೂ "ಆಮೆನ್" ಎಂದೆವು. ಕಣ್ಣು ಬಿಟ್ಟೆವು. ನೀರು ಸೇತುವೆಯ ಮೇಲೆ ಹರಿಯುತ್ತಿತ್ತು. ಟ್ರ್ಯಾಕ್ಟರಿನ ಮುಂದಿನ ಸಣ್ಣ ಗಾಲಿಗಳು ಕಾಣಲಿಲ್ಲ. ಬಸು ಕೀಲಿ ತಿರುವಿದ. ಎಂಜಿನ್ನು ಕೆಮ್ಮಿತು. ಮತ್ತೆ ತಿರುವಿದ. ಟ್ರೇಲರು ಹಿಂದಿನಿಂದ ಯಾರೋ ಮೆಲ್ಲಗೆ ಸರಿಸಿದ ಹಾಗೆ ಒಂದು ಬದಿಗೆ ಜರುಗಿ ಅಂಚಿನ ಕಲ್ಲಿಗೆ ತಾಗಿತು. ಆ ತಾಗಿದ ಸದ್ದು ನನಗೆ ಈಗಲೂ ಕೇಳುತ್ತದೆ; ಪಾಠದ ನಡುವೆ ಯಾವ ಹುಡುಗಿಯಾದರೂ ಬೆಂಚು ಸರಿಸಿದರೆ ಕೈಯಲ್ಲಿನ ಚಾಕ್‌ಪೀಸು ಮುರಿಯುತ್ತದೆ. ಕೊನೆಗೆ ಎಂಜಿನ್ನು ಹೊತ್ತಿಕೊಂಡಿತು. ಟ್ರೇಲರು ಕಟ್ಟಿಕೊಂಡು ಹಿಮ್ಮುಖವಾಗಿ ಸರಿಯುವ ಮಾತೇ ಇರಲಿಲ್ಲ. ಬಸು ಮುಂದೆಯೇ ಬಿಟ್ಟ. ಆಚೆ ದಂಡೆ ಹತ್ತಿ ತಿರುಗಿ ನೋಡಿದಾಗ ಸೇತುವೆ ಎಲ್ಲಿತ್ತೆಂದು ತೋರಿಸಲು ಯಾರಿಂದಲೂ ಆಗಲಿಲ್ಲ. ಆ ರಾತ್ರಿ ಎಲಿಸವ್ವನ ಪಡಸಾಲೆಯಲ್ಲಿ ಸಾಲಾಗಿ ಮಲಗಿದೆವು. ಪ್ರಾರ್ಥನೆ ಮಾಡೋಣವೆಂದು ಯಾರೂ ಅನ್ನಲಿಲ್ಲ.

ಮುಂದಿನ ಭಾನುವಾರ ಸಾಕ್ಷಿ ಹೇಳುವ ಸರದಿ ಬಂತು. ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಸಭೆಗೆ ತಿಳಿಸುವುದು ನಮ್ಮ ಪದ್ಧತಿ. ಮೊದಲ ಸಾಕ್ಷಿಯಲ್ಲಿ ನೀರು ಗಾಲಿಯ ಮಟ್ಟಕ್ಕಿತ್ತು. ಎರಡನೆಯದರಲ್ಲಿ ಸೊಂಟಕ್ಕೆ ಬಂತು. ನನ್ನ ಸರದಿ ಬರುವ ಹೊತ್ತಿಗೆ ಮಂದಿರದಲ್ಲಿ ಕುಳಿತವರೆಲ್ಲ ಕತ್ತಿನವರೆಗೆ ಮುಳುಗಿದ್ದರಿಂದ ನಾನು ಸುಮ್ಮನೆ "ದೇವರಿಗೆ ಸ್ತೋತ್ರ" ಎಂದು ಕುಳಿತೆ. ಮಾರ್ಥವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ಆಕೆಯ ಹೆಸರಿಗೇ ಆ ಹಣೆಬರಹವಿದೆ. ಬೈಬಲಿನ ಮಾರ್ಥಳೂ ಅಷ್ಟೇ: ತಂಗಿ ಮರಿಯಳು ಸ್ವಾಮಿಯ ಪಾದದ ಬಳಿ ಕೂತು ಕೇಳುತ್ತಿದ್ದಾಗ ಈಕೆ ಅಡುಗೆಯ ಗಡಿಬಿಡಿಯಲ್ಲಿದ್ದು, ಅಂದಿನಿಂದ ಇಂದಿನವರೆಗೆ ಪ್ರಸಂಗಗಳಲ್ಲಿ ಬೈಸಿಕೊಳ್ಳುತ್ತಾ ಬಂದಿದ್ದಾಳೆ. ನಾನೇ ಸಂಡೇಸ್ಕೂಲಿನಲ್ಲಿ ಎಷ್ಟೋ ಸಲ ಬೈದಿದ್ದೇನೆ. ಈಗ ಆ ಪಾಠ ಬಂದರೆ ಬೇಗ ಮುಂದಿನ ಅಧ್ಯಾಯಕ್ಕೆ ಹೋಗುತ್ತೇನೆ.

ಆದರೆ ಹಳ್ಳ ನಿಜವಾಗಿ ಕೊಂಡೊಯ್ದದ್ದು ಯೋಹಾನಪ್ಪ ಕಾಕಾನ ಪ್ರಾರ್ಥನೆಯನ್ನು. ಅವತ್ತಿನಿಂದ ಅವರು ಬಾಯಿ ತೆರೆಯಲಿಲ್ಲ. ಪಾಸ್ಟರು ಕರೆದರೆ "ನನ್ನ ಕಡೆ ಬ್ಯಾಡ್ರಿ" ಎಂದು ಜಮಖಾನೆಯ ದಾರ ಎಳೆಯುತ್ತ ಕೂತುಬಿಡುತ್ತಿದ್ದರು. ಹೊಲ, ಮನೆ ಎಲ್ಲ ಮಕ್ಕಳ ಕೈಗೆ ಕೊಟ್ಟ ಮನುಷ್ಯ; ಅವರದು ಎಂದು ಉಳಿದದ್ದು ಈ ಒಂದು ಕೆಲಸ. ಅದನ್ನೂ ಬಿಟ್ಟರೆ ಅವರು ಏನಾಗಿ ಉಳಿಯುತ್ತಾರೆ ಎಂದು ನಮಗೆ ಭಯವಾಯಿತು. ನಾನು ಅವರ ಮನೆಗೆ ಹೋದಾಗ ಮಾರ್ಥವ್ವ ಅಂದಳು, "ಊಟಕ್ಕ ಕುಂತರೂ ಸುಮ್ಮನ ತಾಟ ನೋಡಕೋತ ಕುಂದರತಾರ ಅಕ್ಕೋರ. ಪ್ರಾರ್ಥನಾ ನಾನ ಮಾಡೂದು. ರೊಟ್ಟಿ ಬಿಸಿ ಇರೂದರಾಗ ಮುಗಿಸ್ತೀನಿ. ಬಿಸಿ ರೊಟ್ಟಿ ತಿಂದ ರೂಢಿ ಇಲ್ಲ ನೋಡ್ರಿ, ಬಾಯಿ ಸುಡತೈತಿ ಅಂತಾರ."

ಕಾಕಾ ನಗಲಿಲ್ಲ. "ನಾ ಬಾಯಿ ತಗದರ ಮಂದಿ ಮುಳಗತಾರವಾ" ಎಂದರು. ಬಿರುಗಾಳಿಯಲ್ಲಿ ದೋಣಿಗೆ ನೀರು ತುಂಬುತ್ತಿದ್ದಾಗ ಸ್ವಾಮಿಯೂ ತಲೆದಿಂಬಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದನಲ್ಲವೇ ಎಂದು ನಾನು ಶಾಸ್ತ್ರ ತೆಗೆದೆ. "ಅವಾ ಎದ್ದು ಗಾಳಿಗೆ ಸುಮ್ಮನಿರು ಅಂದಾ, ಅದು ಸುಮ್ಮನಾತು. ನಾ ಹೇಳಿದರ ಬೆಣ್ಣಿಹಳ್ಳ ಕೇಳತೈತೇನು?" ಎಂದರು. ಅಕ್ಕೋರ ಶಾಸ್ತ್ರ ಅಲ್ಲಿಗೆ ಮುಗಿಯಿತು.

ತಿಂಗಳು ಕಳೆಯಿತು. ಹಳ್ಳ ಇಳಿಯಿತು. ಎಲಿಸವ್ವ ಬಸುವಿನ ಕೈಯಲ್ಲಿ ಹೇಳಿ ಕಳಿಸಿದಳು. ಆಕೆ ಕಾಕಾಗಿಂತ ಹಿರಿಯಳು, ಯಾರಿಗೂ ಬಹುವಚನ ಹಚ್ಚುವವಳಲ್ಲ. ಬಸು ಆಕೆಯ ಮಾತನ್ನು ಆಕೆಯ ದನಿಯಲ್ಲೇ ಒಪ್ಪಿಸಿದ: "ಯೋಹಾನಪ್ಪಗ ಹೇಳು. ಅಂವಾ ನೀರಿಗೆ ಅಂಜಿದರ ಅಂಜಲಿ, ನನ್ನ ಸೊಂಟಾ ಏನ ಮಾಡಿತ್ತು ಅಂವಗ?"

ಹೊರಟೆವು. ಈ ಸಲ ಬಸು ಸೇತುವೆಯ ಮೇಲೆ ನಿಲ್ಲಿಸಲಿಲ್ಲ, ಕಾಕಾ ನಿಲ್ಲಿಸು ಅನ್ನಲಿಲ್ಲ. ಅವರು ಟ್ರೇಲರಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನೀರನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆಗ ನಮ್ಮಿಬ್ಬರ ಕಣ್ಣು ಕೂಡಿದವು. ಯಾರೂ ಮುಚ್ಚಿಕೊಳ್ಳಲಿಲ್ಲ.

ಎಲಿಸವ್ವ ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದಳು. ಹಾಡು ಆಯಿತು, ವಾಕ್ಯ ಓದಿದ್ದಾಯಿತು. "ಹೂಂ, ಮಾಡು ಇನ್ನ" ಎಂದು ಆಕೆ ಕಾಕಾಗೆ ಅಂದಳು.

"ಆಗೂದಿಲ್ಲ ಯಕ್ಕಾ. ಕಣ್ಣ ಮುಚ್ಚಿದರ ನೀರ ಕಾಣತೈತಿ."

ಈ ರೋಗ ನನಗೊಬ್ಬಳಿಗೇ ಎಂದುಕೊಂಡಿದ್ದೆ.

"ಹಂಗಾರ ತಗದ ಮಾಡು" ಎಂದಳು ಎಲಿಸವ್ವ. "ಮುಚ್ಚಂತ ನಾ ಅಂದೆನೇನು? ಇಷ್ಟ ದಿನಾ ನನ್ನ ಸಲುವಾಗಿ ಪ್ರಾರ್ಥನಾ ಮಾಡಿದಿ, ಒಮ್ಮೆರೆ ನನ್ನ ಮಾರಿ ನೋಡಿ ಮಾಡೀಯೇನು? ನೋಡಕೋತ ಮಾಡು."

ಕಾಕಾ ಬಹಳ ಹೊತ್ತು ಆಕೆಯನ್ನು ನೋಡಿದರು. ಆಮೇಲೆ ಶುರು ಮಾಡಿದರು. ಆದಾಮ ಬರಲಿಲ್ಲ, ನೋಹನೂ ಬರಲಿಲ್ಲ. "ಕರ್ತನೇ, ಈಕಿ ತುಟಿ ಒಣಗ್ಯಾವು" ಎಂದರು. ಅಲ್ಲಿಗೇ ನಿಲ್ಲಿಸಿದರು. ತುಟಿ ಒಣಗಿದ್ದಕ್ಕೆ ಕರ್ತನನ್ನು ಇನ್ನೊಮ್ಮೆ ಕರೆಯುವ ಮೊದಲು ನೀರಿನ ತಂಬಿಗೆ ಎಲ್ಲಿದೆ ಎಂದು ನೋಡಿದರು. ಅದು ಗೂಡಿನಲ್ಲಿತ್ತು, ಆಕೆಯ ಕೈಗೆ ಎಟುಕದ ಕಡೆ. ಎದ್ದು ಹೋಗಿ ತಂದುಕೊಟ್ಟರು. ಬಂದು ಕೂತು ಮುಂದುವರಿಸಿದರು. "ಕರ್ತನೇ, ಈ ಕೌದಿ ಹಸಿ ಐತಿ" ಎಂದರು. ಮತ್ತೆ ಎದ್ದರು. ಮಾರ್ಥವ್ವ ಹೊದಿಕೆಯ ಒಂದು ತುದಿ ಹಿಡಿದಳು, ನಾನೊಂದು. "ಕರ್ತನೇ, ಮಾಳಿಗಿ ಸೋರತೈತಿ." ಬಸು ಯಾರೂ ಹೇಳದೆ ಹೊರಗೆ ಹೋಗಿ ಮಣ್ಣಿನ ಮಾಳಿಗೆ ಹತ್ತಿ ಸೋರುವ ಕಡೆ ತುಳಿದು ಗಟ್ಟಿಮಾಡತೊಡಗಿದ, ಮೇಲಿನಿಂದ ಧೂಳು ಉದುರಿ ಪಾಸ್ಟರ ಬಿಳಿ ಅಂಗಿಯ ಮೇಲೆ ಬಿತ್ತು. ಪಾಸ್ಟರು ಕಣ್ಣು ಬಿಟ್ಟು, ಮೇಲೆ ನೋಡಿ, ಬೆಳಕಿಂಡಿಗೆ ಮುಚ್ಚಿದ ಹಲಗೆಯನ್ನು ಸರಿಸಿದರು.

ಕಾಕಾನ ಜೀವಮಾನದಲ್ಲೇ ಉದ್ದವಾದ ಪ್ರಾರ್ಥನೆ ಅದು. ಮುಗಿಯುವ ಹೊತ್ತಿಗೆ ಕೌದಿ ಬಿಸಿಲಿಗೆ ಬಿದ್ದಿತ್ತು, ತಂಬಿಗೆ ಖಾಲಿಯಾಗಿ ಮತ್ತೆ ತುಂಬಿತ್ತು, ಕೋಣೆಗೆ ಬೆಳಕು ಬಂದಿತ್ತು. ದೇವರ ಪಾಲಿಗೆ ಉಳಿದದ್ದು ಎಲಿಸವ್ವನ ಸೊಂಟ ಒಂದೇ.