ಶಿರ್ವದ ಪೊರ್ಬುಗಳ ಕಪ್ಪು ಹೆಡ್‌ಫೋನ್

ಮೊನ್ನೆ ಅಟ್ಟದ ಮೇಲಿದ್ದ ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ವಾಸನೆ. ಹಳೆಯ ರೆಕ್ಸಿನ್, ಅತ್ತರು, ನುಸಿಗುಳಿಗೆ ಎಲ್ಲ ಬೆರೆತ ಆ ಗಲ್ಫ್ ವಾಸನೆ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹೆಡ್‌ಫೋನನ್ನು ಎತ್ತಿದೆ. ಕಿವಿಯ ಮೇಲೆ ಕೂರುವ ಮೆತ್ತೆ ಮುಟ್ಟಿದ ಕೂಡಲೇ ಕಪ್ಪು ಪುಡಿಯಾಗಿ ಬೆರಳಿಗೆ ಅಂಟಿತು. "ಇದನ್ನಾದರೂ ಬಿಸಾಡ್ಲಿಕ್ಕೆ ಆಗುದಿಲ್ವಾ?" ಎಂದು ಹೆಂಡತಿ ಕೇಳಿದಳು. ನಾನು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ.

ಆಗ ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಅಪ್ಪ ದೋಣಿಗೆ ಹೋಗುವವರು, ಅಮ್ಮ ಮೀನು ಮಾರುವವಳು. ಅಪ್ಪ ಆಕಾಶವನ್ನು ನಂಬುತ್ತಿರಲಿಲ್ಲ, ಅಮ್ಮ ಗಿರಾಕಿಗಳನ್ನು ನಂಬುತ್ತಿರಲಿಲ್ಲ. ಇಬ್ಬರ ಸಂಶಯವೂ ಸೇರಿ ನನ್ನ ಪಾಲಿಗೆ ಬಂದಿತ್ತು. ಹಾಲಿನವನು ನಕ್ಕರೆ ಸಾಕು, ಇವತ್ತು ನೀರು ಸ್ವಲ್ಪ ಹೆಚ್ಚೇ ಬಿದ್ದಿದೆ ಎಂದುಕೊಳ್ಳುವ ಜಾತಿ ನನ್ನದು.

ಮಣಿಪಾಲದಲ್ಲಿ ಓದುತ್ತಿದ್ದ ಮಲೇಷ್ಯಾದ ಹುಡುಗನೊಬ್ಬ ಊರಿಗೆ ಮರಳುವಾಗ ತನ್ನ ಟೇಪ್ ರೆಕಾರ್ಡರನ್ನೂ ಒಂದು ಚೀಲ ಕ್ಯಾಸೆಟ್ಟುಗಳನ್ನೂ ನನಗೆ ದಾಟಿಸಿ ಹೋಗಿದ್ದ. ಎಲ್ಲವೂ ರಾಕ್ ಮತ್ತು ಹೆವಿ ಮೆಟಲ್. ಮೊದಲ ಸಲ ಕೇಳಿದಾಗ ಯಾರೋ ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಸುರಿದ ಹಾಗಾಯಿತು. ನಾಲ್ಕನೆಯ ಸಲಕ್ಕೆ ಅದಿಲ್ಲದೆ ಸಂಜೆ ಕಳೆಯದು ಎನ್ನುವಂತಾಯಿತು. ಆದರೆ ನನ್ನ ಸಂಜೆ ಎಂದರೆ ಅಪ್ಪನ ನಿದ್ದೆಯ ಹೊತ್ತು. ಬೆಳಗಾಗುವ ಮೊದಲೇ ಕಡಲಿಗೆ ಇಳಿಯುವವರಿಗೆ ಆ ನಿದ್ದೆ ಬೇಕೇ ಬೇಕು. ಒಂದು ದಿನ ಎದ್ದು ಬಂದು, "ಇನ್ನೊಮ್ಮೆ ಆ ಬೊಬ್ಬೆ ಕೇಳಿದ್ರೆ ನಿನ್ನ ಪೆಟ್ಟಿಗೆಯನ್ನು ಬಲೆಗೆ ಕಟ್ಟಿ ಕಡಲಿಗೆ ಇಳಿಸ್ತೇನೆ" ಎಂದರು. ಅವರು ತಮಾಷೆ ಮಾಡುವವರಲ್ಲ. ಹೀಗೆ ನಾನು ಹೆಡ್‌ಫೋನ್ ಹುಡುಕಿಕೊಂಡು ಶಿರ್ವದ ಬಸ್ಸು ಹತ್ತಿದೆ.

ಶಿರ್ವದಲ್ಲಿ ಫಾರಿನ್ ಸಾಮಾನು ಮಾರುವ ಒಬ್ಬರಿದ್ದರು. ನಾನು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆ. ಕ್ರೈಸ್ತ ಗೃಹಸ್ಥರನ್ನು ತುಳುವಿನಲ್ಲಿ ಗೌರವದಿಂದ ಕರೆಯುವುದೇ ಹಾಗೆ. ಗಲ್ಫಿನಲ್ಲಿ ಎಣ್ಣೆಬಾವಿ ಕೊರೆಯುವ ಕಡೆ ದುಡಿದು ಬಂದವರು. ಮನೆಯ ಕೆಳಗಿನ ಅಂತಸ್ತು ಮುಗಿದಿತ್ತು. ಮೇಲಿನದು ಕಂಬಗಳಿಗೇ ನಿಂತು ಕಬ್ಬಿಣದ ಸರಳುಗಳು ಆಕಾಶ ನೋಡುತ್ತಿದ್ದವು. ಎರಡನೆಯ ವೀಸಾ ಬಂದರೆ ಮೇಲಿನದೂ ಏಳುತ್ತದೆ, ಬರದಿದ್ದರೆ ಇಲ್ಲ, ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಅಲ್ಲಿಯ ತನಕ ಮುಂದಿನ ಕೋಣೆಯಲ್ಲೇ ವ್ಯಾಪಾರ. ಟಾರ್ಚು, ಅತ್ತರು, ಲುಂಗಿ, ಗೋಡೆ ಗಡಿಯಾರ, ಕ್ಯಾಸೆಟ್ ಡೆಕ್ಕು, ಹೆಡ್‌ಫೋನು.

ಫಾರಿನ್ ಸಾಮಾನು ಕೊಳ್ಳುವುದಕ್ಕೆ ಆಗ ನಮ್ಮಲ್ಲಿ ಒಂದು ಶಾಸ್ತ್ರವೇ ಇತ್ತು. ಅರ್ಧ ಮಾಲು ಬೊಂಬಾಯಿಯ ಡೂಪ್ಲಿಕೇಟ್ ಎಂದು ಎಲ್ಲರಿಗೂ ಗುಮಾನಿ. ಆದ್ದರಿಂದ ಮೊದಲು ಮೂಸಬೇಕು, ಆಮೇಲೆ ಕೈಯಲ್ಲಿ ತೂಗಬೇಕು, ಕೊನೆಗೆ ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಬೇಕು. ಭಾರವಿದ್ದರೆ ಅಸಲಿ, ಅಕ್ಷರ ಎದ್ದುಬಂದರೆ ನಕಲಿ. ನಾನೂ ಅದನ್ನೇ ಮಾಡಿದೆ. ಪೊರ್ಬುಗಳು ಬೇಸರಿಸಿಕೊಳ್ಳದೆ ನೋಡುತ್ತಾ ನಿಂತಿದ್ದರು. ಬೇಸರಿಸಿಕೊಳ್ಳದ ವ್ಯಾಪಾರಿಯನ್ನು ಕಂಡರೆ ನನಗೆ ಮತ್ತಷ್ಟು ಸಂಶಯ.

ಮೊದಲು ಕೊಟ್ಟದ್ದು ಕಿತ್ತಳೆ ಬಣ್ಣದ ಸ್ಪಂಜಿನ, ಹಗುರವಾದ ಹೆಡ್‌ಫೋನು. ಹಾಡೇನೋ ಚೆನ್ನಾಗಿಯೇ ಕೇಳಿತು. ಆದರೆ ಅದನ್ನು ಕಿವಿಯಿಂದ ತೆಗೆದು ಹಿಡಿದರೂ ಕೇಳುತ್ತಿತ್ತು. ಇದನ್ನು ಹಾಕಿಕೊಂಡು ಕೂತರೆ ಅಪ್ಪ ಪಕ್ಕದ ಕೋಣೆಯಿಂದಲೇ ಹಾಡು ಕಲಿಯಬಹುದು. ಎರಡನೆಯದು ಬೆಳ್ಳಿಯ ಬಣ್ಣದ್ದು, ಥಳಥಳ ಹೊಳೆಯುವಂಥದ್ದು. ಮೊದಲ ನಿಮಿಷ ಸ್ವರ್ಗ. ಐದು ನಿಮಿಷ ಕಳೆಯುವಾಗ ಗಿಟಾರುಗಳೆಲ್ಲ ಒಂದೇ ಗರಗಸವಾಗಿ ತಲೆ ನೋಯತೊಡಗಿತು. ಪೊರ್ಬುಗಳು ನನ್ನ ಮುಖಕ್ಕೇ ಕಣ್ಣು ನೆಟ್ಟು, "ಎಡ ಬದಿಯಲ್ಲಿ ಎಂತ ಕೇಳ್ತದೆ? ಬಲದಲ್ಲಿ ಎಂತ ಉಂಟು? ಡ್ರಮ್ಮು ಹೇಗೆ? ಸರಿಯಾಗಿ ಹೇಳು ಮಾರಾಯ" ಎಂದು ಕೇಳುತ್ತಲೇ ಇದ್ದರು. ಡ್ರಮ್ಮಿನ ಜೊತೆ ಬಡಿಯುವ ಕಂಚಿನ ತಟ್ಟೆ, ಆ ಸಿಂಬಲ್ಲಿನ ಸದ್ದು ಬಿಸಿ ಎಣ್ಣೆಗೆ ಒಣಮೀನು ಹಾಕಿದ ಹಾಗೆ ಚುರುಗುಟ್ಟುತ್ತದೆ ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಬಾಯೊಳಗೇ ಎರಡು ಸಲ ಹೇಳಿಕೊಂಡರು.

ಮೂರನೆಯದೊಂದು ಕಪಾಟಿನಲ್ಲಿತ್ತು. ದೊಡ್ಡದು, ಕಪ್ಪು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಮೇಲೆ ಮೈ ಒರೆಸುವ ಬೈರಾಸು ಹೊದಿಸಿದ್ದರು. ನನಗೆ ಬೇಕಾದದ್ದು ಅದೇ ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಅದು ಕೊಡ್ಲಿಕ್ಕಿಲ್ಲ" ಎಂದರು ಪೊರ್ಬುಗಳು.

"ಯಾರಿಗಾದ್ರೂ ಇಟ್ಟದ್ದಾ?"

"ಕೊಡ್ಲಿಕ್ಕಿಲ್ಲ ಅಂದ್ರೆ ಕೊಡ್ಲಿಕ್ಕಿಲ್ಲ, ಅಷ್ಟೆ."

ಬಸ್ಸಿನಲ್ಲಿ ಹಿಂದೆ ಬರುವಾಗ ಉದ್ದಕ್ಕೂ ಲೆಕ್ಕ ಹಾಕಿದೆ. ಯಾರೋ ದೊಡ್ಡ ಗಿರಾಕಿಗೆ ಇಟ್ಟಿರಬೇಕು. ಇಲ್ಲವಾದರೆ ಕದ್ದ ಮಾಲು. ಅದೂ ಅಲ್ಲವಾದರೆ ಒಳಗೆ ಕೆಟ್ಟಿದೆ, ಅಂಗಡಿಯ ಮರ್ಯಾದೆಗಾಗಿ ಇಟ್ಟುಕೊಂಡಿದ್ದಾರೆ. ಮುಂದಿನ ಭಾನುವಾರ ಮತ್ತೆ ಹೋದೆ. ಕಾರ್ಕಳದಿಂದ ಬಂದ ಗಿರಾಕಿಯೊಬ್ಬನಿಗೆ ಪೊರ್ಬುಗಳು ಬೆಳ್ಳಿಯ ಹೆಡ್‌ಫೋನನ್ನು ತೋರಿಸುತ್ತಾ, "ಸಿಂಬಲ್ ಕೇಳ್ಬೇಕು ನೀವು, ಬಿಸಿ ಎಣ್ಣೆಗೆ ಒಣಮೀನು ಹಾಕಿದ ಹಾಗೆ!" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾನು ದೂರಿದ್ದನ್ನೇ ಈ ಮನುಷ್ಯ ಹೊಗಳಿಕೆ ಮಾಡಿ ಮಾರುತ್ತಿದ್ದಾನಲ್ಲ!

ಅವರ ಹೆಂಡತಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ. ನಾವು ಬಾಯಮ್ಮ ಎನ್ನುತ್ತಿದ್ದೆವು. ಒಳ್ಳೆಯ ಹೆಂಗಸು, ಹೋದವರಿಗೆಲ್ಲ ಕಾಫಿ ಕೊಡುತ್ತಿದ್ದರು. ಆದರೆ ವ್ಯಾಪಾರ ಮುಗಿಯುವ ತನಕ ಗಂಡನ ಎದುರಿಗೇ ಕುರ್ಚಿ ಹಾಕಿ ಬಟ್ಟೆ ಹೊಲಿಯುತ್ತಾ ಕೂರುವರು. ಗಿರಾಕಿ ಬೆನ್ನು ಹಾಕಿ ಏನಾದರೂ ಹೇಳಿದರೆ ಪೊರ್ಬುಗಳು ಮೊದಲು ಹೆಂಡತಿಯ ಮುಖ ನೋಡುವರು. ಆಕೆ ಅದನ್ನೇ ಇನ್ನೊಮ್ಮೆ ಹೇಳುವರು. "ಎಡದ ಬದಿ ಸ್ವಲ್ಪ ಕಡಿಮೆ ಅಂತ ಹೇಳ್ತಾರೆ ಅವ್ರು." ಆಮೇಲೆಯೇ ಪೊರ್ಬುಗಳ ಉತ್ತರ. ಗಂಡ ಹೆಂಡತಿ ಸೇರಿ ಏನೋ ಸನ್ನೆ ಇಟ್ಟುಕೊಂಡಿದ್ದಾರೆ, ಯಾವ ಗಿರಾಕಿಯನ್ನು ಎಷ್ಟು ಬೋಳಿಸಬಹುದೆಂದು ಹೀಗೇ ಮಾತಾಡಿಕೊಳ್ಳುತ್ತಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಕೊನೆಗೊಂದು ಭಾನುವಾರ, ಕಪ್ಪು ಹೆಡ್‌ಫೋನನ್ನು ಒಮ್ಮೆ ಕೇಳಿಸಿದರೆ ಸಾಕು, ಕೊಳ್ಳುವ ಮಾತೇ ಎತ್ತುವುದಿಲ್ಲ ಎಂದು ಹಟ ಹಿಡಿದೆ. ಪೊರ್ಬುಗಳು ಬೈರಾಸು ಸರಿಸಿ ಅದನ್ನು ತೆಗೆದರು. ನನ್ನ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ, "ಮೊದ್ಲು ನಾನು ನೋಡ್ತೇನೆ" ಎಂದು ತಾವೇ ಕಿವಿಗೆ ಏರಿಸಿಕೊಂಡು ಕುಳಿತರು. ಆ ಡೆಕ್ಕಿಗೆ ಸ್ಪೀಕರ್ ಇರಲಿಲ್ಲ. ಮುಂಭಾಗದಲ್ಲಿ ಹಾಡಿನ ಏರಿಳಿತಕ್ಕೆ ಕುಣಿಯುವ ಎರಡು ಸೂಜಿಗಳಿದ್ದವು. ಪೊರ್ಬುಗಳು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ತಾಳ ಒಂದಿಷ್ಟೂ ತಪ್ಪಲಿಲ್ಲ. ನನಗೆ ಆ ಹಾಡಿನ ಪ್ರತಿ ಪೆಟ್ಟೂ ಬಾಯಿಪಾಠ. ಇವರಿಗೆ ಮೆಟಲ್ ಹಿಡಿಸುತ್ತದೆಯೇ ಎಂದು ಆಶ್ಚರ್ಯವಾಯಿತು.

ಅಷ್ಟರಲ್ಲಿ ನನ್ನ ಹಾಳು ಬುದ್ಧಿ ಜಾಗೃತವಾಯಿತು. ಹೆಡ್‌ಫೋನಿನ ಪಿನ್ನಿಗೆ ಬಂಗಾರದ ಬಣ್ಣವಿತ್ತು. ಅಸಲಿಯೋ ನಕಲಿಯೋ ಕೆರೆದು ನೋಡಬೇಕಲ್ಲ! ಮೆಲ್ಲಗೆ ಕೈ ಚಾಚಿ ಡೆಕ್ಕಿನಿಂದ ಅದನ್ನು ಎಳೆದೆ. ಹಾಡು ನಿಂತಿತು, ಪೊರ್ಬುಗಳು ಬೈಯುತ್ತಾರೆ ಎಂದುಕೊಂಡೆ.

ಅವರು ತಾಳ ಹಾಕುತ್ತಲೇ ಇದ್ದರು.

ಪಿನ್ನು ನನ್ನ ಕೈಯಲ್ಲಿತ್ತು. ಕ್ಯಾಸೆಟ್ಟು ತಿರುಗುತ್ತಿತ್ತು, ಸೂಜಿಗಳು ಕುಣಿಯುತ್ತಿದ್ದವು. ಅವರ ಕಣ್ಣು ಸೂಜಿಗಳ ಮೇಲಿತ್ತು... ಬಾಯಮ್ಮನ ಹೊಲಿಗೆ ನಿಂತಿತು. ನಾನು ಆಕೆಯನ್ನು ನೋಡಿದೆ. ಆಕೆ ಗಂಡನ ಬೆನ್ನ ಹಿಂದೆ ಬಂದು ನಿಂತರು, ಮಾಮೂಲಿ ದನಿಯಲ್ಲೇ ಮಾತಾಡಿದರು. ದನಿ ತಗ್ಗಿಸುವ ಅಗತ್ಯವೇ ಇರಲಿಲ್ಲ.

"ಗಲ್ಫಿನಲ್ಲಿ ಮಿಷನ್ನಿನ ಸದ್ದಿಗೆ ಕಿವಿ ಹೋದದ್ದು. ಇಗರ್ಜಿಯ ಬ್ಯಾಂಡಿನಲ್ಲಿ ಕಾರ್ನೆಟ್ ಊದ್ತಾ ಇದ್ದ ಜನ. ಬರುವಾಗ ಎಲ್ಲಕ್ಕಿಂತ ಒಳ್ಳೇದು ಯಾವುದು ಅಂತ ಕೇಳಿ ಇದನ್ನು ತಂದ್ರು. ಇದ್ರಲ್ಲಾದ್ರೂ ಕೇಳ್ತದೆ ಅಂತ. ಮುಂದಿನ ತಿಂಗಳು ಬೊಂಬಾಯಿಯಲ್ಲಿ ವೀಸಾದ ಮೆಡಿಕಲ್ ಉಂಟು. ಊರಲ್ಲಿ ಯಾರಿಗೂ ಹೇಳ್ಬೇಡ ಮಗಾ."

ಪೊರ್ಬುಗಳು ತಿರುಗಿ ನೋಡಿದರು. ನನ್ನ ಕೈಯಲ್ಲಿದ್ದ ಪಿನ್ನು ಕಂಡಿತು. ಬೆರಳುಗಳು ಮೇಜಿನ ಮೇಲೆ ಹಾಗೆಯೇ ನಿಂತವು. ಅವರು ಹೆಡ್‌ಫೋನನ್ನು ತೆಗೆದು, ತಂತಿ ಸುತ್ತಿ, ಆ ಬೈರಾಸಿನೊಂದಿಗೇ ನನ್ನ ತೊಡೆಯ ಮೇಲಿಟ್ಟರು. "ತಕೊಂಡು ಹೋಗು. ಆದ್ರೆ ಭಾನುವಾರ ಬಾ. ಎಂತ ಕೇಳ್ತದೆ ಅಂತ ಹೇಳು. ನನ್ನ ಮುಖ ನೋಡಿ ಹೇಳ್ಬೇಕು, ಆಯ್ತಾ?"

ಆಗಲೂ ನನಗೆ ಸಂಶಯ ಬಿಡಲಿಲ್ಲ. ಇಷ್ಟು ದಿನ ಮುಟ್ಟಲೂ ಬಿಡದವರು ಈಗ ಕೊಡುತ್ತಿರುವುದು ನನ್ನ ಬಾಯಿ ಮುಚ್ಚಿಸಲಿಕ್ಕೆ ಅಲ್ಲವೇ? ಅಥವಾ ಇನ್ನು ಇದರಿಂದ ಉಪಯೋಗವಿಲ್ಲವೆಂದು ಅವತ್ತು ಅವರ ಮನಸ್ಸಿಗೇ ಅನ್ನಿಸಿತೇ? ನಿಜ ಯಾವುದೆಂದು ಇವತ್ತಿಗೂ ಹೇಳಲಾರೆ.

ಹೆಡ್‌ಫೋನು ಮಾತ್ರ ಅದ್ಭುತವಾಗಿತ್ತು. ಗಿಟಾರುಗಳು ಒಂದರ ಮೈಮೇಲೆ ಒಂದು ಬೀಳದೆ ಬೇರೆ ಬೇರೆಯಾಗಿ ನಿಂತವು. ದೊಡ್ಡ ಡ್ರಮ್ಮು ಎದೆಗೆ ಬಡಿಯುತ್ತಿತ್ತು, ಅದರಡಿಯಲ್ಲಿ ಬೇಸ್ ಹರಿಯುವುದು ಸಣ್ಣ ವಾಲ್ಯೂಮಿನಲ್ಲೂ ಕೇಳುತ್ತಿತ್ತು. ಅಪ್ಪ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಭಾನುವಾರ ಶಿರ್ವಕ್ಕೆ ಹೋಗಿ ಇದನ್ನೆಲ್ಲ ಹೇಳುತ್ತಿದ್ದೆ. ಪೊರ್ಬುಗಳು ನನ್ನ ತುಟಿಗಳನ್ನೇ ನೋಡುತ್ತಾ, "ಬೇಸ್ ಎಲ್ಲಿ? ಹಿಂದೆಯಾ, ಅಡಿಯಲ್ಲಿಯಾ?" ಎಂದು ಕೆದಕುವರು. ವ್ಯಾಪಾರಕ್ಕೆ ಮಾತು ಕೂಡಿಹಾಕುತ್ತಿದ್ದಾರೆ ಎಂದು ಒಳಗೊಳಗೆ ಅನ್ನಿಸುತ್ತಿತ್ತು. ಆದರೆ ಒಮ್ಮೆ ಒಂದು ಗಿಟಾರಿನ ಓಟವನ್ನು ನಾನು ಬಾಯಿಂದ ಬಿಡಿಸಿ ಹೇಳುತ್ತಿರುವಾಗ ಅವರ ಬಲಗೈಯ ಮೂರು ಬೆರಳು ಗಾಳಿಯಲ್ಲಿ ಕಾರ್ನೆಟ್ಟಿನ ಗುಂಡಿ ಒತ್ತುತ್ತಿದ್ದವು. ಅದನ್ನು ನೋಡಿ ನನಗೆ ಅಳು ಬಂತು.

ಅವರು ಬೊಂಬಾಯಿಗೆ ಹೋದರು, ಮೆಡಿಕಲ್ ಪಾಸಾಯಿತು. ಹೇಗೆ ಎಂದು ನಾನು ಬಾಯಮ್ಮನನ್ನು ಕೇಳಿದೆ. "ಗುಂಡಿ ಒತ್ತುವ ಡಾಕ್ಟರ ಕೈ ನೋಡಿ ಕೇಳ್ತದೆ ಅಂತ ಹೇಳಿದ್ರಂತೆ" ಎಂದು ನಕ್ಕರು. ನಾನೂ ನಕ್ಕೆ. ಮೇಲಿನ ಅಂತಸ್ತಿಗೆ ಗೋಡೆ ಬಂತು, ಕಿಟಕಿ ಬಂತು... ಎರಡನೆಯ ಮಳೆಗಾಲಕ್ಕೆ ಸುದ್ದಿಯೂ ಬಂತು. ಗಲ್ಫಿನ ಕೆಲಸದ ಜಾಗದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಯಡಿಗೆ ಸಿಕ್ಕಿ ತೀರಿಕೊಂಡರಂತೆ. ಅದು ಹಾರ್ನ್ ಮಾಡಿತ್ತಂತೆ, ಜನ ಕೂಗಿದ್ದರಂತೆ. ಇಷ್ಟು ಕೂಗಿದರೂ ಮನುಷ್ಯ ತಿರುಗಿ ನೋಡಲಿಲ್ಲ ಎಂದು ಶಿರ್ವದವರೆಲ್ಲ ಬೆರಗಾದರು. ಬಾಯಮ್ಮ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಟ್ಟದ ಪೆಟ್ಟಿಗೆ ತೆರೆದದ್ದು ಸುಮ್ಮನೆ ಅಲ್ಲ. ಅದರ ಹಿಂದಿನ ದಿನ ಮಗಳು ನನ್ನನ್ನು ಮಣಿಪಾಲಕ್ಕೆ ಕಿವಿ ತೋರಿಸಲು ಕರೆದುಕೊಂಡು ಹೋಗಿದ್ದಳು. ಟಿವಿ ಜೋರು ಇಡುತ್ತೇನೆ, ಕರೆದರೆ ಓ ಎನ್ನುವುದಿಲ್ಲ ಎಂದು ಅವಳ ದೂರು. ಕಿವಿ ಸರಿಯಿದೆ, ನೀವೇ ಪಿಸುಪಿಸು ಮಾತಾಡುತ್ತೀರಿ ಎಂದು ಅಲ್ಲಿಯ ತನಕ ಜಗಳವಾಡಿದ್ದೆ. ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಹೆಡ್‌ಫೋನು ಹಾಕಿ, ಶಬ್ದ ಕೇಳಿದಾಗಲೆಲ್ಲ ಕೈ ಎತ್ತಬೇಕು ಎಂದು ಪರೀಕ್ಷೆ ಮಾಡುವ ಹುಡುಗಿ ಹೇಳಿದಳು. ಗಾಜಿನ ಆಚೆ ಅವಳ ಕೈ ಯಂತ್ರದ ಗುಂಡಿಯತ್ತ ಹೋಯಿತು. ನಾನು ಕೈ ಎತ್ತಿದೆ. ಸ್ವಲ್ಪ ಬಿಟ್ಟು ಮತ್ತೆ ಹೋಯಿತು, ಮತ್ತೆ ಎತ್ತಿದೆ.

ಅವಳು ಬಾಗಿಲು ತೆರೆದು ಒಳಗೆ ಬಂದು, ನನ್ನ ಕಿವಿಯಿಂದ ಹೆಡ್‌ಫೋನು ಸರಿಸಿ, ನಗುತ್ತಲೇ, "ಅಂಕಲ್, ನಾನು ಇನ್ನೂ ಶಬ್ದ ಹಾಕ್ಲೇ ಇಲ್ಲ" ಎಂದಳು.

ಬೊಂಬಾಯಿಯಲ್ಲಿ ಪೊರ್ಬುಗಳಿಗೂ ಇದನ್ನು ಹೇಳುವ ಒಬ್ಬ ಡಾಕ್ಟರ ಸಿಕ್ಕಿದ್ದರೆ ಅವರು ಮೇಲಿನ ಅಂತಸ್ತಿಲ್ಲದ ಮನೆಯಲ್ಲಿ ಇನ್ನಷ್ಟು ವರ್ಷ ಬದುಕುತ್ತಿದ್ದರೇನೋ ಎನ್ನಿಸಿತು. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ.

"ಈಗ ಹಾಕಮ್ಮ" ಎಂದೆ.